ಹಲ್ಲು ನೇರಮಾಡುವ ಪಾರದರ್ಶಕ ಅಚ್ಚುಗಳು: ಅವುಗಳಿಂದ ಫಲವೆಷ್ಟು?

ಕೆಂಗಲ್ ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತನು ಮೊದಲು ಮಾಡುವ ಕೆಲಸ ಯಾವುದು? ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವುದು. ಎರಡು ಹಲ್ಲೋ, ನಾಲ್ಕು ಹಲ್ಲೋ, ಆರು ಹಲ್ಲೋ, ಬಾಯಿಗೂಡಿದೆಯೋ ಎಂದು ವಯಸ್ಸು ಕಟ್ಟಿದ ಮೇಲೆಯೇ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ದನದ ಹಲ್ಲಿನ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಅದೇ ರೈತನ ಮನೆಯಲ್ಲಿ ಏಳೆಂಟು ವರ್ಷದ ಮಗುವಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಅಡ್ಡಾದಿಡ್ಡಿಯಾಗಿ ಬರುತ್ತಿದ್ದರೆ ಆ ಬಾಯಿ ಬಿಡಿಸಿ ನೋಡುವವರು ಕಡಿಮೆ. ಹುಡುಗಿಗೆ ಮದುವೆ ಗೊತ್ತಾದಾಗಲೋ, ಹುಡುಗ ಕೆಲಸದ ಸಂದರ್ಶನಕ್ಕೆ ಹೊರಟಾಗಲೋ ಸೊಟ್ಟ ಹಲ್ಲಿನ ಮಾತು ಏಳುತ್ತದೆ.

ಈಚೆಗೆ ಈ ಮಾತು ಹೆಚ್ಚಾಗಿದೆ. ಮೊಬೈಲ್ ಫೋನಿನಲ್ಲಿ ಒಂದು ಜಾಹೀರಾತು ಬರುತ್ತದೆ: ತಂತಿ ಬೇಡ, ನೋವಿಲ್ಲ, ಕಣ್ಣಿಗೆ ಕಾಣದ ಅಚ್ಚು ಹಾಕಿಕೊಂಡರೆ ಕೆಲವೇ ತಿಂಗಳಲ್ಲಿ ಹಲ್ಲು ಸಾಲಾಗುತ್ತದೆ ಎಂದು. ಇಂಗ್ಲಿಷಿನಲ್ಲಿ ಇದಕ್ಕೆ ಕ್ಲಿಯರ್ ಅಲೈನರ್ ಎಂದು ಹೆಸರು. ನಮ್ಮ ಸೀಮೆಯ ಒಂದು ರೇಷ್ಮೆ ಬೆಳೆಗಾರರ ಮನೆಯಲ್ಲಿ ಯಜಮಾನರು ಫೋನನ್ನು ಮುಂದೆ ಹಿಡಿದು, "ನಾಕು ತಿಂಗಳಲ್ಲಿ ಹಲ್ಲು ನೆಟ್ಟಗಾಯ್ತದಂತೆ ಸ್ವಾಮಿ, ದಿಟವಾ?" ಎಂದು ಕೇಳಿದರು. ಮಗಳ ಮದುವೆ ಐದನೆಯ ತಿಂಗಳಿಗೆ ಗೊತ್ತಾಗಿತ್ತು. ಎರಡು ಬೆಳೆ ಗೂಡಿನ ಹಣ ಕೈಯಲ್ಲಿತ್ತು. ಮುಂಗಡ ಕಟ್ಟಿದರೆ ರಿಯಾಯಿತಿ ಎಂದು ಕಂಪನಿಯವರು ದಿನಕ್ಕೆ ಎರಡು ಸಲ ಕರೆ ಮಾಡುತ್ತಿದ್ದರು.

ನಾನು ಕೃಷಿ ಡಿಪ್ಲೊಮಾ ಓದಿದವನೇ ಹೊರತು ದಂತವೈದ್ಯನಲ್ಲ. ಹಾಗಿದ್ದರೂ ಬೀಜದ ಚೀಲದ ಮೇಲೆ ಬರೆದಿರುವುದಕ್ಕೂ ಹೊಲದಲ್ಲಿ ಬೆಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಅಳೆದು ನೋಡುವುದು ನಮ್ಮ ಕಸುಬೇ ಆಗಿರುವುದರಿಂದ, ಈ ಅಚ್ಚಿನ ವಿಷಯವನ್ನೂ ಅದೇ ರೀತಿ ನೋಡಬಹುದು.

ಮೊದಲು ಹಲ್ಲು ಸರಿಯುವುದಾದರೂ ಹೇಗೆ? ಹಲ್ಲು ದವಡೆಯ ಮೂಳೆಯಲ್ಲಿ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿಲ್ಲ. ಬೇರಿಗೂ ಮೂಳೆಗೂ ನಡುವೆ ನಾರಿನಂಥ ಒಂದು ಪೊರೆ ಇದೆ. ಅದರ ದಪ್ಪ ಸುಮಾರು ಕಾಲು ಮಿಲಿಮೀಟರು ಮಾತ್ರ. ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ, ಎಡೆಬಿಡದೆ ಒತ್ತುತ್ತಿದ್ದರೆ ಒತ್ತಡ ಬಿದ್ದ ಕಡೆಯ ಮೂಳೆ ಕರಗುತ್ತದೆ. ಹಿಂದೆ ತೆರವಾದ ಕಡೆಯಲ್ಲಿ ಹೊಸ ಮೂಳೆ ಕಟ್ಟುತ್ತದೆ. ಹೀಗೆ ಹಲ್ಲು ತನ್ನ ಗೂಡಿನೊಡನೆ ಸರಿಯುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ನಿಜ. ಎಳೆಯ ವಯಸ್ಸಿನಲ್ಲಿ ದವಡೆಯೇ ಬೆಳೆಯುತ್ತಿರುವುದರಿಂದ ಕೆಲಸ ಸುಲಭವಾಗುವುದು ಹೌದು. ಆದರೆ ಮೂಳೆ ಜೀವವಿರುವ ವಸ್ತುವಾದ್ದರಿಂದ ನಲವತ್ತು ದಾಟಿದವರ ಹಲ್ಲೂ ಸರಿಯುತ್ತದೆ. ವಸಡು ಮಾತ್ರ ಗಟ್ಟಿಯಾಗಿರಬೇಕು.

ಇಲ್ಲಿ ಆತುರಕ್ಕೆ ಎಡೆಯಿಲ್ಲ. ವಾಲಿದ ಸಸಿಗೆ ಗೂಟ ನೆಟ್ಟು ಸಡಿಲವಾಗಿ ಕಟ್ಟಿದರೆ ನೆಟ್ಟಗಾಗುತ್ತದೆ. ಒಂದೇ ದಿನಕ್ಕೆ ನೆಟ್ಟಗಾಗಲೆಂದು ಬಿಗಿದು ಕಟ್ಟಿದರೆ ಹಗ್ಗ ತೊಗಟೆಯನ್ನು ಕೊರೆದು ಗಿಡವೇ ಸೊರಗುತ್ತದೆ. ಹಲ್ಲನ್ನು ಜೋರಾಗಿ ಒತ್ತಿದರೂ ಹೀಗೆಯೇ. ಆ ಪೊರೆಯ ರಕ್ತದೋಟ ನಿಂತುಹೋಗಿ ಹಲ್ಲು ಬೇಗ ಸರಿಯುವ ಬದಲು ಇದ್ದಲ್ಲೇ ನಿಲ್ಲುತ್ತದೆ, ಬೇರಿಗೂ ಪೆಟ್ಟು. ತಂತಿಯಾಗಲಿ ಅಚ್ಚಾಗಲಿ, ಯಾವ ಉಪಾಯದಿಂದಲೂ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿಗಿಂತ ಹೆಚ್ಚು ಸರಿಯುವುದಿಲ್ಲವೆಂದು ಇಟ್ಟುಕೊಳ್ಳಬಹುದು.

ತಂತಿಯ ಕ್ಲಿಪ್ಪನ್ನು ನೀವೆಲ್ಲ ಕಂಡಿದ್ದೀರಿ. ಹಲ್ಲಿಗೊಂದು ಲೋಹದ ಬಿಲ್ಲೆ ಅಂಟಿಸಿ ಅದರೊಳಗೆ ತಂತಿ ಹಾಯಿಸುತ್ತಾರೆ. ಪಾರದರ್ಶಕ ಅಚ್ಚಿನ ಉಪಾಯ ಬೇರೆ. ಇದರ ಮೂಲ ಹಳೆಯದು: ಅಮೆರಿಕದ ಕೆಸ್ಲಿಂಗ್ ಎಂಬ ದಂತವೈದ್ಯರು 1945ರಲ್ಲೇ ರಬ್ಬರಿನ ಅಚ್ಚಿನಿಂದ ಹಲ್ಲನ್ನು ಅಲ್ಪಸ್ವಲ್ಪ ಸರಿಸುವ ಕ್ರಮವನ್ನು ಪ್ರಕಟಿಸಿದ್ದರು. ಆದರೆ ಪ್ರತಿ ಹೆಜ್ಜೆಗೂ ಕೈಯಿಂದಲೇ ಹೊಸ ಅಚ್ಚು ಮಾಡಬೇಕಾಗಿದ್ದರಿಂದ ಅದು ಹೆಚ್ಚು ಹರಡಲಿಲ್ಲ. 1997ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಜಿಯಾ ಚಿಷ್ತಿ ಮತ್ತು ಕೆಲ್ಸಿ ವರ್ತ್ ಎಂಬಿಬ್ಬರು ಅಲೈನ್ ಟೆಕ್ನಾಲಜಿ ಎಂಬ ಕಂಪನಿ ಕಟ್ಟಿ ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಅವರ ಅಚ್ಚಿನ ಹೆಸರು ಇನ್ವಿಸಲೈನ್. 2017ರಿಂದ ಅವರ ಮೊದಲ ಪೇಟೆಂಟುಗಳ ಅವಧಿ ಮುಗಿಯತೊಡಗಿದ ಮೇಲೆ ಇತರ ಕಂಪನಿಗಳೂ ಹುಟ್ಟಿಕೊಂಡವು. ನಮ್ಮ ದೇಶದಲ್ಲೂ ಈಗ ತಯಾರಾಗುತ್ತವೆ.

ಮಾಡುವ ರೀತಿ ಹೀಗೆ. ವೈದ್ಯರು ಬಾಯಿಯ ಒಳಗಿನ ಅಳತೆಯನ್ನು ಸಣ್ಣ ಕ್ಯಾಮೆರಾದಂಥ ಯಂತ್ರದಿಂದ ತೆಗೆದುಕೊಳ್ಳುತ್ತಾರೆ. ಹಲ್ಲು ಈಗ ಇರುವ ಜಾಗದಿಂದ ಇರಬೇಕಾದ ಜಾಗಕ್ಕೆ ಹೋಗುವ ದಾರಿಯನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಹೆಜ್ಜೆಯಾಗಿ ಕತ್ತರಿಸುತ್ತಾರೆ. ಒಂದು ಹೆಜ್ಜೆಗೆ ಸುಮಾರು ಕಾಲು ಮಿಲಿಮೀಟರು, ಎಂದರೆ ನೋಟುಪುಸ್ತಕದ ಎರಡು ಮೂರು ಹಾಳೆ ಜೋಡಿಸಿದಷ್ಟು. ಪ್ರತಿ ಹೆಜ್ಜೆಗೂ ಹಲ್ಲುಸಾಲಿನ ಒಂದು ಪ್ರತಿಮೆ ಮಾಡಿ, ಅದರ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ ಒತ್ತುತ್ತಾರೆ. ಚನ್ನಪಟ್ಟಣದ ಗೊಂಬೆ ಕೆಲಸದವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಅರಗು ಕಾವಿಗೆ ಮೆತ್ತಗಾಗಿ ಮರದ ಆಕಾರವನ್ನೇ ತಾಳುವುದನ್ನು ಕಂಡವರಿಗೆ ಇದು ಕೂಡಲೇ ತಿಳಿಯುತ್ತದೆ. ಅಚ್ಚಿನ ಆಕಾರ ಹಲ್ಲು ಈಗ ಇರುವುದಕ್ಕಿಂತ ಒಂದು ಹೆಜ್ಜೆ ಮುಂದಿರುತ್ತದೆ. ಅದನ್ನು ತೊಟ್ಟಾಗ ಪ್ಲಾಸ್ಟಿಕ್ ತನ್ನ ಆಕಾರಕ್ಕೆ ಹಿಂದಿರುಗಲು ಎಳೆಯುತ್ತದೆ; ಆ ಎಳೆತವೇ ಹಲ್ಲನ್ನು ಒತ್ತುವ ಬಲ. ವಾರಕ್ಕೋ ಎರಡು ವಾರಕ್ಕೋ ಒಂದು ಅಚ್ಚು ಮುಗಿದು ಮುಂದಿನದು ಬರುತ್ತದೆ.

ರೇಷ್ಮೆ ಹುಳುವಿಗೆ ನಾಲ್ಕು ಜ್ವರ ಉಂಟಷ್ಟೆ. ಎರಡನೆಯ ಜ್ವರ ಏಳದ ಹುಳು ಮೂರನೆಯದಕ್ಕೆ ಹಾರುವುದಿಲ್ಲ. ಅಚ್ಚೂ ಹಾಗೆಯೇ. ಐದನೆಯ ಅಚ್ಚಿನ ಕೆಲಸ ಮುಗಿಯದೆ ಆರನೆಯದನ್ನು ತೊಟ್ಟರೆ ಅದು ಹಲ್ಲಿಗೆ ಕೂರುವುದೇ ಇಲ್ಲ, ಅಂಚಿನಲ್ಲಿ ಸಂದು ಕಾಣುತ್ತದೆ. ಹಾಗೆ ಕಂಡರೆ ವೈದ್ಯರಲ್ಲಿಗೆ ಹೋಗಬೇಕೇ ವಿನಾ ಬೆರಳಿಟ್ಟು ಅದುಮಬಾರದು.

ಈಗ ಮುಖ್ಯ ಪ್ರಶ್ನೆ. ಕಂಪ್ಯೂಟರು ತೋರಿಸಿದಂತೆ ಹಲ್ಲು ಸರಿಯುತ್ತದೆಯೇ?

ಇದನ್ನು ಅಳೆದವರಿದ್ದಾರೆ. ಹೊಲದಲ್ಲಿ ಪ್ರಾತ್ಯಕ್ಷಿಕೆ ತಾಕು ಮಾಡಿ ಇಳುವರಿ ತೂಗುವ ಹಾಗೆ, ಚಿಕಿತ್ಸೆಗೆ ಮುಂಚೆ ಕಂಪ್ಯೂಟರು ಹೇಳಿದ ಸರಿತವೆಷ್ಟು, ಅಚ್ಚಿನ ಸರಣಿ ಮುಗಿದ ಮೇಲೆ ನಿಜವಾಗಿ ಆದದ್ದೆಷ್ಟು ಎಂದು ಹಲ್ಲು ಹಲ್ಲಿಗೂ ಲೆಕ್ಕ ಹಾಕಿದರು. 2009ರಲ್ಲಿ ಅಮೆರಿಕದಲ್ಲಿ ಕ್ರಾವಿಟ್ಜ್ ಮತ್ತು ಸಂಗಡಿಗರು 37 ಜನರ ಮುಂಭಾಗದ 401 ಹಲ್ಲುಗಳನ್ನು ಅಳೆದಾಗ, ಹೇಳಿದ್ದರಲ್ಲಿ ಸರಾಸರಿ ನೂರಕ್ಕೆ 41ರಷ್ಟು ಮಾತ್ರ ಆಗಿತ್ತು. ಪ್ಲಾಸ್ಟಿಕ್ಕೂ ಲೆಕ್ಕಾಚಾರವೂ ಸುಧಾರಿಸಿದ ಬಳಿಕ 2020ರಲ್ಲಿ ಅದೇ ಬಗೆಯ ಅಳತೆ ಮತ್ತೆ 38 ಜನರಲ್ಲಿ ನಡೆಯಿತು. ಆಗ ಬಂದ ಸರಾಸರಿ ನೂರಕ್ಕೆ 50. ಎರಡೂ ಇನ್ವಿಸಲೈನ್ ಅಚ್ಚಿನ ಮೇಲೆ ಮಾಡಿದ ಅಳತೆಗಳು.

ಎಂದರೆ ಎಕರೆಗೆ ಇಪ್ಪತ್ತು ಚೀಲವೆಂದು ಕಾಗದದಲ್ಲಿ ಬರೆದು ಹತ್ತು ಚೀಲ ಬೆಳೆದಂತೆ. ಇದನ್ನು ಕೇಳಿ, ಹಾಗಾದರೆ ಅಚ್ಚು ಮೋಸ ಎನ್ನಬಾರದು. ಇದು ಮೊದಲ ಸರಣಿಯ ಲೆಕ್ಕ. ನುರಿತ ವೈದ್ಯರು ಇದನ್ನು ಬಲ್ಲವರಾದ್ದರಿಂದ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಿನ ಸರಿತವನ್ನೇ ಬರೆದಿಡುತ್ತಾರೆ. ಮೊದಲ ಸರಣಿ ಮುಗಿದ ಮೇಲೆ ಮತ್ತೆ ಅಳತೆ ತೆಗೆದು ಎರಡನೆಯ ಸರಣಿ ಕೊಡುತ್ತಾರೆ. ನಾಲ್ಕು ಮಿಲಿಮೀಟರು ಸರಿಯಬೇಕಾದ ಹಲ್ಲಿಗೆ ಕಾಗದದ ಮೇಲೆ 16 ಅಚ್ಚು. ಎರಡು ವಾರಕ್ಕೊಂದರಂತೆ 32 ವಾರ, ಏಳೂವರೆ ತಿಂಗಳು. ಅದರ ಮೇಲೆ ಎರಡನೆಯ ಸರಣಿ ಸೇರಿದರೆ ವರ್ಷ ಮುಟ್ಟುತ್ತದೆ. ಜಾಹೀರಾತಿನ ನಾಲ್ಕು ತಿಂಗಳು ಯಾವ ಬಾಯಿಯ ಲೆಕ್ಕವೆಂದು ಕೇಳಬೇಕಾದ್ದು ಇಲ್ಲಿಯೇ.

ಎಲ್ಲ ಬಗೆಯ ಸರಿತವೂ ಒಂದೇ ಸಮನಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಮುಂದಕ್ಕೆ ಅಥವಾ ಒಳಕ್ಕೆ ವಾಲಿದ ಬಾಚಿಹಲ್ಲನ್ನು ನೆಟ್ಟಗೆ ಮಾಡುವುದು, ಹಲ್ಲುಗಳ ನಡುವಣ ಸಣ್ಣ ಸಂದು ಮುಚ್ಚುವುದು, ಸ್ವಲ್ಪ ಒತ್ತೊತ್ತಾಗಿರುವುದನ್ನು ಸಾಲು ಮಾಡುವುದು, ಇವು ಅಚ್ಚಿಗೆ ಒಗ್ಗುವ ಕೆಲಸಗಳು. ಹಲ್ಲನ್ನು ವಸಡಿನಿಂದ ಕೆಳಕ್ಕೆಳೆಯುವುದು ಕಷ್ಟ. 2009ರ ಅಳತೆಯಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದದ್ದು ಇದೇ, ನೂರಕ್ಕೆ 30ಕ್ಕೂ ಮುಟ್ಟಲಿಲ್ಲ. ಕೋರೆಹಲ್ಲು, ಅದರ ಪಕ್ಕದ ಸಣ್ಣ ದವಡೆ ಹಲ್ಲು ತಿರುಚಿಕೊಂಡಿದ್ದರೆ ಅದನ್ನು ತಿರುಗಿಸುವುದೂ ಕಷ್ಟ. ಅವು ದುಂಡಗಿರುತ್ತವೆ, ನಯವಾದ ಗುಂಡುಕಲ್ಲನ್ನು ಒದ್ದೆ ಕೈಯಿಂದ ತಿರುಗಿಸಿದಂತೆ ಅಚ್ಚು ಜಾರುತ್ತದೆ. ಹಿಡಿತಕ್ಕಾಗಿ ವೈದ್ಯರು ಹಲ್ಲಿನ ಮೇಲೆ ಹಲ್ಲಿನ ಬಣ್ಣದ್ದೇ ಸಣ್ಣ ಗುಬುಟು ಅಂಟಿಸುತ್ತಾರೆ. ಹಾಗಾಗಿ 'ಕಣ್ಣಿಗೆ ಕಾಣದ' ಎಂಬ ಮಾತಿನಲ್ಲೂ ಸ್ವಲ್ಪ ಕಳೆಯಬೇಕು. ಇನ್ನು ಹಲ್ಲು ಕಿತ್ತು ಆ ಜಾಗಕ್ಕೆ ಬೇರು ಸಮೇತ ಪಕ್ಕದ ಹಲ್ಲನ್ನು ಸರಿಸುವುದು, ಮೇಲಿನ ದವಡೆ ಕೆಳಗಿನ ದವಡೆ ಒಂದಕ್ಕೊಂದು ಕೂಡದಿರುವುದು, ಇಂಥ ದೊಡ್ಡ ಕೆಲಸಗಳಿಗೆ ತಂತಿಯೇ ಮೇಲು. ದವಡೆಯ ಮೂಳೆಯೇ ವಕ್ರವಾಗಿದ್ದರೆ ತಂತಿಯೊಂದರಿಂದಲೂ ಆಗದು, ಶಸ್ತ್ರಕ್ರಿಯೆ ಬೇಕಾದೀತು.

2005ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಿನವರು 48 ಜನ, ತಂತಿಯವರು 48 ಜನ ಎಂದು ಹೋಲಿಸಿ ನೋಡಿದರು. ಹಲ್ಲು ಜೋಡಣೆಗೆ ಅಂಕ ಹಾಕುವ ಪರೀಕ್ಷೆಯಲ್ಲಿ ಅಚ್ಚಿನವರ ತೇರ್ಗಡೆ ತಂತಿಯವರಿಗಿಂತ ನೂರಕ್ಕೆ 27ರಷ್ಟು ಕಡಿಮೆಯಿತ್ತು. ಸೋತದ್ದು ಮುಖ್ಯವಾಗಿ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಕಚ್ಚಿ ಕೂರುವ ವಿಷಯದಲ್ಲಿ. ಆದರೆ ಅಚ್ಚಿನವರ ಚಿಕಿತ್ಸೆ ಸರಾಸರಿ ನಾಲ್ಕು ತಿಂಗಳು ಮೊದಲೇ ಮುಗಿದಿತ್ತು. ಅಲ್ಲಿಂದೀಚೆಗೆ ಅಚ್ಚು ಸುಧಾರಿಸಿದೆ. ಹಾಗಿದ್ದರೂ ಒಟ್ಟು ಅಭಿಪ್ರಾಯ ಬಹಳ ಬದಲಾಗಿಲ್ಲ: ಸಾಧಾರಣ ಸೊಟ್ಟಿಗೆ ಅಚ್ಚು ಸಾಕು, ಬೇಗವೂ ಹೌದು, ತೊಡಕಿನ ಬಾಯಿಗೆ ತಂತಿ.

ಅಚ್ಚಿನ ದೊಡ್ಡ ಅನುಕೂಲವೆಂದರೆ ತೆಗೆದು ಹಲ್ಲುಜ್ಜಬಹುದು. ತಂತಿಯ ಸಂದಿನಲ್ಲಿ ಅನ್ನದಗುಳು ಕೊಳೆಯುವ ತೊಂದರೆ ಇಲ್ಲ. ದೊಡ್ಡ ಅನನುಕೂಲವೂ ಅದೇ, ತೆಗೆಯಬಹುದು ಎಂಬುದು. ದಿನಕ್ಕೆ 20ರಿಂದ 22 ಗಂಟೆ ಅದು ಬಾಯಲ್ಲಿರಬೇಕು. ಉಳಿಯುವುದು ಎರಡರಿಂದ ನಾಲ್ಕು ಗಂಟೆ. ನಮ್ಮ ಹಳ್ಳಿಯ ದಿನಚರಿಗೆ ಇದನ್ನು ಹೊಂದಿಸಿ ನೋಡಿ. ನೀರು ಬಿಟ್ಟು ಬೇರೇನು ತಿನ್ನಲು ಕುಡಿಯಲು ಅಚ್ಚು ತೆಗೆಯಬೇಕು. ಬೆಳಗ್ಗೆ ಕಾಫಿ, ಹಾಲು ಹಾಕಿ ಬಂದಮೇಲೆ ತಿಂಡಿ, ಹೊಲದಲ್ಲಿ ಟೀ, ಮಧ್ಯಾಹ್ನ ಊಟ, ಸಂಜೆ ಮತ್ತೆ ಕಾಫಿ, ರಾತ್ರಿ ಊಟ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು ತಾನೇ, ತೆಗೆಯದಿದ್ದರೇನು ಎಂದು ಒಬ್ಬರು ಕೇಳಿದರು. ಮುದ್ದೆಯ ಜೊತೆಗೆ ಸಾರಿದೆಯಲ್ಲ! ಬಿಸಿ ತಗುಲಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಕಾಫಿ ಟೀ ಸಾರುಗಳ ಬಣ್ಣ ಹಿಡಿದು ಕಣ್ಣಿಗೆ ಕಾಣುವ ಅಚ್ಚಾಗುತ್ತದೆ. ಸಕ್ಕರೆ ಅದರೊಳಗೆ ಸಿಕ್ಕಿಕೊಂಡರೆ ಹುಳುಕಿಗೆ ದಾರಿ. ತೆಗೆದಾಗಲೆಲ್ಲ ಬಾಯಿ ಮುಕ್ಕಳಿಸಿ, ಅಚ್ಚನ್ನು ತಣ್ಣೀರಿನಲ್ಲಿ ತೊಳೆದು, ಡಬ್ಬಿಯಲ್ಲಿಟ್ಟು, ಮತ್ತೆ ತೊಡಬೇಕು. ಸೆರಗಿನ ತುದಿಯಲ್ಲೋ ಕರವಸ್ತ್ರದಲ್ಲೋ ಕಟ್ಟಿಟ್ಟ ಅಚ್ಚು ಸೊಪ್ಪಿನ ಜೊತೆ ಹುಳುಮನೆ ಸೇರಿ ಕಳೆದುಹೋದದ್ದೂ ಉಂಟು. ಇಷ್ಟು ಶಿಸ್ತು ಸಾಧ್ಯವಿಲ್ಲದವರಿಗೆ, ಅದರಲ್ಲೂ ಶಾಲೆಗೆ ಹೋಗುವ ಮಕ್ಕಳಿಗೆ, ತೆಗೆಯಲು ಬಾರದ ತಂತಿಯೇ ಹೆಚ್ಚು ಫಲ ಕೊಡುತ್ತದೆಂದು ನನ್ನ ಅಭಿಪ್ರಾಯ.

ಎಲೆಯಡಿಕೆ, ಹೊಗೆಸೊಪ್ಪು ಹಾಕುವವರ ವಿಷಯ ಬೇರೆ. ವಸಡು ಊದಿ ರಕ್ತ ಬರುತ್ತಿರುವ ಬಾಯಿಯಲ್ಲಿ ಹಲ್ಲು ಸರಿಸಹೊರಟರೆ ಹಿಡಿದಿರುವ ಮೂಳೆ ಇನ್ನಷ್ಟು ಸವೆದು ಇದ್ದ ಹಲ್ಲೂ ಅಲುಗಾಡುತ್ತದೆ. ಮೊದಲು ವಸಡಿನ ಚಿಕಿತ್ಸೆ, ಹುಳುಕು ತುಂಬಿಸುವುದು. ಆಮೇಲೆ ಸಾಲು ಮಾಡುವ ಮಾತು. ಒಳ್ಳೆಯ ವೈದ್ಯರು ಎಕ್ಸ್-ರೇ ತೆಗೆಯದೆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಅಂಚೆಯಲ್ಲಿ ಬರುವ ಅಚ್ಚಿನ ಅಪಾಯ ಇರುವುದೂ ಇಲ್ಲಿಯೇ. ಮನೆಗೆ ಮೇಣದಂಥ ಸಾಮಗ್ರಿ ಕಳಿಸಿ, ನೀವೇ ಕಚ್ಚಿ ಅಚ್ಚು ತೆಗೆದು ಕಳಿಸಿರೆಂದು ಹೇಳಿ, ವೈದ್ಯರು ಬಾಯಿ ಮುಟ್ಟಿ ನೋಡದೆಯೇ ಇಡೀ ಚಿಕಿತ್ಸೆ ಮುಗಿಸುವ ವ್ಯಾಪಾರ ಅಮೆರಿಕದಲ್ಲಿ ಬಹಳ ಬೆಳೆಯಿತು. ಅದರಲ್ಲಿ ಹೆಸರುವಾಸಿಯಾಗಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಕಂಪನಿ 2014ರಲ್ಲಿ ಹುಟ್ಟಿ, 2023ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ, ಅದೇ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಅರ್ಧ ಸರಿದ ಹಲ್ಲಿನ ಗಿರಾಕಿಗಳು ಅರ್ಧದಲ್ಲೇ ಉಳಿದರು. ಬಿತ್ತನೆಯಾದ ಮೇಲೆ ಬೀಜದಂಗಡಿ ಮುಚ್ಚಿದರೆ ಮುಂದಿನ ವರ್ಷ ಬೇರೆ ಬೀಜ ತರಬಹುದು; ಬಾಯಿಯ ವಿಷಯದಲ್ಲಿ ಹಾಗಾಗದು. ಅಳತೆ ತೆಗೆದವರು ಯಾರು, ತೊಂದರೆಯಾದರೆ ಬಾಯಿ ತೋರಿಸಬೇಕಾದ್ದು ಯಾರಿಗೆ, ಎರಡನೆಯ ಸರಣಿಯ ಹಣ ಮೊದಲ ಮಾತಿನಲ್ಲೇ ಸೇರಿದೆಯೇ, ಇವುಗಳಿಗೆ ಹೆಸರು ವಿಳಾಸ ಸಮೇತ ಉತ್ತರ ಸಿಗದಿದ್ದರೆ ಮುಂಗಡ ಕಟ್ಟಬೇಡಿ.

ಹಣದ ಮಾತು. ಖಾಸಗಿ ದವಾಖಾನೆಗಳಲ್ಲಿ ಅಚ್ಚಿನ ಚಿಕಿತ್ಸೆಗೆ ಕಂಪನಿಯನ್ನೂ ಬಾಯಿಯ ಸ್ಥಿತಿಯನ್ನೂ ನೋಡಿಕೊಂಡು ಅರ್ಧ ಲಕ್ಷದಿಂದ ಎರಡು ಮೂರು ಲಕ್ಷ ರೂಪಾಯಿಯವರೆಗೂ ಕೇಳುತ್ತಾರೆ. ಲೋಹದ ತಂತಿಗೆ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ದಂತ ಕಾಲೇಜುಗಳ ಆಸ್ಪತ್ರೆಯಲ್ಲಿ ಇನ್ನೂ ಕಡಿಮೆಯಾಗುತ್ತದೆ. ಕಾಯುವ ತಾಳ್ಮೆ ಬೇಕು. ನಮ್ಮ ಕಡೆಯವರಿಗೆ ಮೈಸೂರು ರಸ್ತೆಯಲ್ಲೇ ಕುಂಬಳಗೋಡಿನ ಬಳಿ ರಾಜರಾಜೇಶ್ವರಿ ದಂತ ಕಾಲೇಜು ಇದೆ. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ಕಾಲೇಜು ಇದೆ. ಹಲ್ಲು ಸಾಲು ಮಾಡುವವರು ಸಾಧಾರಣ ದಂತವೈದ್ಯ ಪದವಿಯ ಮೇಲೆ ಮೂರು ವರ್ಷ ಅದನ್ನೇ ಪ್ರತ್ಯೇಕವಾಗಿ ಓದಿದ ತಜ್ಞರು. ಆರ್ಥೊಡಾಂಟಿಕ್ಸ್ ವಿಭಾಗ ಯಾವುದೆಂದು ಕೇಳಿ ಅಲ್ಲಿಗೇ ಹೋಗಬೇಕು. ದಂತ ಭಾಗ್ಯ ಎಂಬ ಸರ್ಕಾರಿ ಯೋಜನೆಯ ಹೆಸರನ್ನು ಕೆಲವರು ಕೇಳಿರಬಹುದು. ಅದು ಹಲ್ಲು ಕಳೆದುಕೊಂಡ ಬಡವರಿಗೆ ಕಟ್ಟುಹಲ್ಲು ಕೊಡಲೆಂದು ಬಂದದ್ದು, ಸೊಟ್ಟ ಹಲ್ಲು ನೇರಮಾಡಲಿಕ್ಕಲ್ಲ.

ಮೇಲೆ ಹೇಳಿದ ರೇಷ್ಮೆ ಬೆಳೆಗಾರರ ಮಗಳನ್ನು ದಂತ ಕಾಲೇಜಿಗೆ ಕರೆದೊಯ್ದು ತೋರಿಸಿದರು. ಎರಡು ದವಡೆ ಹಲ್ಲಿನಲ್ಲಿ ಹುಳುಕಿತ್ತು. ಮೇಲಿನ ಕೋರೆಹಲ್ಲು ವಸಡಿನ ಎತ್ತರದಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ಕೆಳಕ್ಕೆ ತರಬೇಕು, ಅಚ್ಚಿಗೆ ಒಗ್ಗದ ಕೆಲಸ. ತಂತಿ ಹಾಕಿದರೆ ಒಂದೂವರೆ ವರ್ಷವಾದರೂ ಬೇಕೆಂದರು. ನಾಲ್ಕು ತಿಂಗಳ ಮಾತೇ ಬರಲಿಲ್ಲ. ಹುಳುಕು ತುಂಬಿಸಿಕೊಂಡು ಬಂದರು. ಗಂಡಿನ ಕಡೆಯವರಿಗೆ ವಿಷಯ ತಿಳಿಸಿದಾಗ ಅವರು ಹಲ್ಲಿನ ಗೊಡವೆಯೇ ಇಲ್ಲವೆಂದರಂತೆ! ತಂತಿಯನ್ನು ಮದುವೆಯಾದ ಮೇಲೆ ಹಾಕಿಸುವುದೆಂದು ಹುಡುಗಿಯೇ ತೀರ್ಮಾನ ಮಾಡಿದಳು. ಗೂಡಿನ ಹಣದಲ್ಲಿ ಒಂದಿಷ್ಟನ್ನು ತಾಯಿ ಅದಕ್ಕಾಗಿ ಅವಳ ಹೆಸರಿನಲ್ಲೇ ಬ್ಯಾಂಕಿನಲ್ಲಿಟ್ಟಿದ್ದಾರೆ.

ಚಿಕ್ಕ ಮಕ್ಕಳಿರುವವರು ಏಳನೆಯ ವಯಸ್ಸಿಗೆ ಒಂದು ಸಲ ತಜ್ಞರಿಗೆ ತೋರಿಸುವುದು ಒಳ್ಳೆಯದು. ಅಮೆರಿಕದ ಹಲ್ಲುಸಾಲು ತಜ್ಞರ ಸಂಘವೂ ಈ ವಯಸ್ಸನ್ನೇ ಹೇಳುತ್ತದೆ. ಬಹಳ ಮಕ್ಕಳಿಗೆ ಆಗ ಏನೂ ಮಾಡಬೇಕಾಗಿ ಬರುವುದಿಲ್ಲ, ನೋಡಿ ಕಳಿಸುತ್ತಾರೆ. ಹೆಬ್ಬೆರಳು ಚೀಪುವ, ಬಾಯಲ್ಲಿ ಉಸಿರಾಡುವ ಅಭ್ಯಾಸವಿದ್ದರೆ, ಹಾಲುಹಲ್ಲು ಹುಳುಕಿಗೆ ಸಿಕ್ಕಿ ಅವಧಿಗೆ ಮುಂಚೆ ಬಿದ್ದಿದ್ದರೆ ಆಗಲೇ ಸರಿಪಡಿಸುವುದು ಅಗ್ಗ.

ಕೊನೆಯದಾಗಿ, ವ್ಯಾಪಾರದವರು ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ವಿಷಯ. ಸರಿದ ಹಲ್ಲು ಹಳೆಯ ಜಾಗಕ್ಕೆ ಹಿಂದಿರುಗಲು ನೋಡುತ್ತದೆ. ವಸಡಿನ ನಾರುಗಳು ಎಳೆಯುತ್ತಲೇ ಇರುತ್ತವೆ. ಆದುದರಿಂದ ತಂತಿ ಬಿಚ್ಚಿದವರಿಗೂ ಅಚ್ಚು ಮುಗಿಸಿದವರಿಗೂ ಹಲ್ಲನ್ನು ಇದ್ದಲ್ಲಿ ಹಿಡಿದಿಡುವ ಮತ್ತೊಂದು ಸಾಧನ ಕೊಡುತ್ತಾರೆ, ಅದಕ್ಕೆ ರಿಟೇನರ್ ಎಂದು ಹೆಸರು. ಮೊದಲ ತಿಂಗಳುಗಳಲ್ಲಿ ಹಗಲಿರುಳು, ಆಮೇಲೆ ರಾತ್ರಿಯ ಹೊತ್ತು, ವರ್ಷಗಟ್ಟಲೆ ತೊಡಬೇಕು. ಸವೆದಾಗ, ಮುರಿದಾಗ ಹೊಸದು ಮಾಡಿಸಬೇಕು. ಚಿಕಿತ್ಸೆಯ ಬೆಲೆ ಕೇಳುವಾಗ ಇದರ ಬೆಲೆಯನ್ನೂ, ಎಷ್ಟು ವರ್ಷಕ್ಕೊಂದು ಬೇಕಾದೀತೆಂಬುದನ್ನೂ ಕೇಳಿ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.